ಸಹಾಯ ಬೇಕು: ಲೋಕಾಪುರ ಹತ್ತಿರ ನಮ್ಮ ಮುಧೋಳ ನಾಯಿ ಕಳೆದಿದೆ
ನಮಸ್ಕಾರ್ರೀ. ನಿನ್ನೆ ಸಂಜೆ ಲೋಕಾಪುರ ಹತ್ತಿರದ ಗಾಯರಾಣದಲ್ಲಿ (ದನ ಮೇಯುವ ಬಯಲಿನಲ್ಲಿ) ನಮ್ಮ ರಾಜಾ ತಪ್ಪಿಸಿಕೊಂಡಿದ್ದಾನೆ. 3 ವರ್ಷದ ಗಂಡು, ಕಂದು ಮೈ, ಎದೆ ಮೇಲೆ ಬಿಳಿ ಮಚ್ಚೆ, ಕೊರಳಲ್ಲಿ ಕೆಂಪು ಪಟ್ಟಿ.

ಬೇಟೆಗೆ ಬಿಟ್ಟಿದ್ದಲ್ಲ, ಅದು ಕಾನೂನಿಗೆ ವಿರುದ್ಧ ಅಂತ ಗೊತ್ತು. ಸುಮ್ನೆ ಓಡಾಡಿಸಲು ಕರೆದುಕೊಂಡು ಹೋಗಿದ್ದೆ. ಮೊಲ ಎದ್ದಿತು, ಹಗ್ಗ ಕೈಯಿಂದ ಜಾರಿತು. ಈ ತಳಿ ವಾಸನೆಗಿಂತ ಕಣ್ಣನ್ನೇ ಜಾಸ್ತಿ ನಂಬುತ್ತದೆ. ಕಂಡದ್ದರ ಬೆನ್ನು ಹತ್ತಿದರೆ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಹುಡುಕಿದೆವು.

ಕುರಿ ಮೇಯಿಸುವವರು, ಕಬ್ಬಿನ ಗದ್ದೆಯವರು ಯಾರಾದರೂ ನೋಡಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಬೆನ್ನಟ್ಟಬೇಡಿ, ಅವನನ್ನು ಓಡಿ ಹಿಡಿಯಲು ಆಗುವುದಿಲ್ಲ. ಕೆಳಗೆ ಕುಳಿತು ಹೆಸರು ಕರೆದು ರೊಟ್ಟಿ ತೋರಿಸಿ. ಎಷ್ಟೊತ್ತಾದರೂ ಬೈಕ್ ತಗೊಂಡು ಬರುತ್ತೇನೆ.