ಅವ್ವನಿಗೆ ಕೊಟ್ಟ ಮಾತು, ಮಗಳ ಮದುವೆ

ಸಮಸ್ಯೆ: ಮಗಳನ್ನು ನನ್ನ ತಮ್ಮನಿಗೇ ಕೊಡುತ್ತೇನೆ ಅಂತ ಅವ್ವನಿಗೆ ಮಾತು ಕೊಟ್ಟಿದ್ದೆ. ಅವ್ವ ಈಗಿಲ್ಲ. ತಮ್ಮನಿಗೆ 32, ಮಗಳಿಗೆ 24. ಬಿ.ಎಡ್. ಮುಗಿಸಿದ್ದಾಳೆ. "ಮಾಮಾ ಅಂದ್ರ ಮಾಮಾನೇ, ಗಂಡ ಹೆಂಗಾಗ್ತಾನ?" ಅಂತ ಹಟ ಹಿಡಿದಿದ್ದಾಳೆ. ತವರಿನ ದಾರಿಯೇ ಮುಚ್ಚಿಹೋದರೆ ಅಂತ ನನಗೆ ಭಯ. ಏನು ಮಾಡಲಿ?
– ಒಬ್ಬ ತಾಯಿ, ಕಲಬುರಗಿ

ಓದುಗರ ಸ್ಪಂದನ

ಅಕ್ಕಾ, ನಾನೂ ಅವ್ವನ ತಮ್ಮನನ್ನೇ ಮದುವೆಯಾದವಳು. ಆಗ ನನಗೆ ಹತ್ತೊಂಬತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಜಮಾನರು ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಮೊದಲ ವರ್ಷವೆಲ್ಲ ಬಾಯಿ ತಪ್ಪಿ "ಮಾಮಾ" ಅಂದುಬಿಡುತ್ತಿದ್ದೆ. ಅಜ್ಜಿ ರೊಟ್ಟಿ ಬಡಿಯೋದು ನಿಲ್ಲಿಸಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಜಗಳ ಆದ ದಿನ ಅವ್ವನ ಹತ್ತಿರ ಹೋದರೆ ಅವಳು ಯಾರ ಪರ ಮಾತಾಡಬೇಕು? ತಮ್ಮನದೋ, ಮಗಳದೋ? ಸುಮ್ಮನೆ ಚಹಾ ಮಾಡಿ ಕೊಡುತ್ತಿದ್ದಳು. ನಿಮ್ಮ ತವರು ಉಳಿಯುತ್ತೆ, ಸರಿ. ಮಗಳಿಗೆ ತವರು ಎಲ್ಲಿ ಉಳಿಯಿತು?

ಹೊಲದ ಲೆಕ್ಕವೂ ಇದರಲ್ಲಿ ಇರುತ್ತದೆ, ಅಲ್ವಾ? ನೀವು ಬರೆದಿಲ್ಲ ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತವರಿನ ನಂಟು ಉಳಿಸೋಕೆ ಮಗಳನ್ನು ಕೊಡಬೇಕಾಗಿಲ್ಲ.
– ಓದುಗಿ, ಹುಮನಾಬಾದ್

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಕೇಸ್ ಪೇಪರ್ ಬರೆಯುವಾಗ "ಸಂಬಂಧದಲ್ಲಿ ಆದ ಮದುವೆಯಾ?" ಅಂತ ಕೇಳುತ್ತಿದ್ದೆವು. "ಹೌದ್ರಿ, ಒಳಗಿಂದೊಳಗ" ಅನ್ನುವವರು ಜಾಸ್ತಿಯೇ ಇದ್ದರು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳು ನಾಲ್ಕರಲ್ಲಿ ಒಂದು ಪಾಲು ಒಂದೇ. ಅತ್ತೆ-ಮಾವನ ಮಕ್ಕಳಲ್ಲಿ ಎಂಟರಲ್ಲಿ ಒಂದು. ಮನೆತನದಲ್ಲಿ ಅಡಗಿ ಕೂತ ಕಾಯಿಲೆ ಇಬ್ಬರ ಕಡೆಯಿಂದಲೂ ಬಂದರೆ ಮಗುವಿನಲ್ಲಿ ಎದ್ದು ಕಾಣುತ್ತದೆ. ಎಲ್ಲರಿಗೂ ಹೀಗಾಗಲ್ಲ, ಹೆದರಿಸೋಕೆ ಹೇಳುತ್ತಿಲ್ಲ. ಇನ್ನೊಂದು ಮಾತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಸಂಬಂಧ ನಿಷೇಧದ ಪಟ್ಟಿಯಲ್ಲೇ ಇದೆ. ರೂಢಿ ಇದ್ದವರಿಗೆ ಮಾತ್ರ ವಿನಾಯಿತಿ.
– ನಿವೃತ್ತ ನರ್ಸ್, ಕಲಬುರಗಿ

ಹುಡುಗಿಯ ಕೈಗೆ ಬಿ.ಎಡ್. ಇದೆ. ಮೊದಲು ನೌಕರಿ ಹಿಡಿಯಲಿ ಬಿಡಿ.
– ಓದುಗ, ಭಾಲ್ಕಿ

ಅಕ್ಕಾರೆ, ನಾನು ಆ ತಮ್ಮನ ಜಾಗದಲ್ಲಿ ಇದ್ದವನು. ಅಕ್ಕನ ಮಗಳ ಜವಳ ತೆಗೆಯುವಾಗ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದು ನಾನೇ. ಅಂಗಿ ತುಂಬ ಕೂದಲು, ಅವಳ ಅಳು, ಎಲ್ಲ ಈಗಲೂ ನೆನಪಿದೆ. ಅವಳನ್ನೇ ಮದುವೆಯಾಗು ಅಂದಾಗ ಮೈ ಜುಮ್ಮೆಂದಿತು. ಆದರೂ ಅಕ್ಕ ನೊಂದುಕೊಳ್ಳುತ್ತಾಳೆ ಅಂತ ಬಾಯಿ ಬಿಡಲಿಲ್ಲ. ಮೂರು ವರ್ಷ ಹಾಗೇ ಹೋಯಿತು. ಕೊನೆಗೆ ಅವಳೇ ಫೋನ್ ಮಾಡಿ, "ಮಾಮಾ, ನೀ ಹೂಂ ಅಂದಿಯೇನು?" ಅಂತ ಕೇಳಿದಳು. "ಇಲ್ಲವ್ವಾ" ಅಂದೆ. ಇಬ್ಬರೂ ಸಿಕ್ಕಾಪಟ್ಟೆ ನಕ್ಕೆವು. ಆಮೇಲೆ ಇಬ್ಬರೂ ಕೂಡಿ ಅಕ್ಕನ ಮುಂದೆ ಕೂತೆವು. ಎರಡು ತಿಂಗಳು ಅಕ್ಕ ಮಾತು ಬಿಟ್ಟಳು. ನಾಗರ ಪಂಚಮಿಗೆ ತಾನೇ ಉಂಡಿ ಕಟ್ಟಿಕೊಂಡು ಬಂದಳು.

ನಿಮ್ಮ ಪತ್ರ ಎರಡು ಸಲ ಓದಿದೆ. ತಮ್ಮ ಏನಂತಾನೆ ಅಂತ ಒಂದು ಸಾಲೂ ಇಲ್ಲ. ಅವನನ್ನು ಕೇಳಿದ್ದೀರಾ?
– ಹೆಸರು ಬೇಡ, ಶಹಾಪುರ