ಹಸಿರು ಮಾತ್ರೆಯ ಲೆಕ್ಕ

ಗುಂಪು: ಮನೆ ಮಂದಿ

ಚಿಕ್ಕಪ್ಪ: (ಫಾರ್ವರ್ಡ್) 1 ಕೆಜಿ ಸ್ಪಿರುಲಿನಾ (ಪಾಚಿ ಪುಡಿ) = 1000 ಕೆಜಿ ಹಣ್ಣು ತರಕಾರಿ!! ಕಾಯಿಲೆ ಬಿದ್ದು ಎದ್ದವರಿಗೆ ಅಮೃತ. ವಿಟಮಿನ್ ಬಿ12 ಭರಪೂರ 🙏

ಚಿಕ್ಕಪ್ಪ: ಅಣ್ಣನಿಗೆ ಒಂದು ಡಬ್ಬಿ ತಂದುಕೊಟ್ಟಿದ್ದೇನೆ. ದಿನಕ್ಕೆ ಆರು ಮಾತ್ರೆ. ಟೈಫಾಯ್ಡ್ ಬಂದು 5 ಕೆಜಿ ಇಳಿದಿದ್ದಾನೆ, ನೋಡೋಕಾಗಲ್ಲ.

ಅಮ್ಮ: ಡಾಕ್ಟರು ಮೆತ್ತಗಿನ ಊಟ ಅಂದಿದ್ದಾರೆ. ಇದನ್ನು ಅವರ ಹತ್ತಿರ ಕೇಳಿದಿರಾ?

ಚಿಕ್ಕಪ್ಪ: ಔಷಧಿ ಅಲ್ಲ ಅತ್ತಿಗೆ, ಆಹಾರ. ನೂರಕ್ಕೆ 60 ಪಾಲು ಪ್ರೋಟೀನ್! ಬೇಳೆಯಲ್ಲಿ ಅರ್ಧವೂ ಇಲ್ಲ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರೇ ಇದರ ಚಿಕ್ಕಿ ಮಾಡಿದ್ದಾರೆ.

ನಾನು: 60 ಸರಿ ಚಿಕ್ಕಪ್ಪ. ಎಷ್ಟರಲ್ಲಿ 60? ಡಬ್ಬಿ ನೋಡಿದೆ. ಒಂದು ಮಾತ್ರೆ 500 ಮಿಲಿಗ್ರಾಂ. ಆರು ನುಂಗಿದರೆ 3 ಗ್ರಾಂ. ಅದರಲ್ಲಿ ಪ್ರೋಟೀನ್ 2 ಗ್ರಾಂ ಕೂಡ ಆಗುವುದಿಲ್ಲ. ಒಂದು ಲೋಟ ಹಾಲಿನಲ್ಲೇ ಸುಮಾರು 6 ಗ್ರಾಂ ಇದೆ. ಚಿಕ್ಕಿ ಅಂದಿರಲ್ಲ, ಅದರಲ್ಲಿ ಕಡಲೆಕಾಯಿ ಬೀಜವೇ ಜಾಸ್ತಿ ಅಲ್ವಾ?

ಅತ್ತೆ: ಹಾಗಾದರೆ ಮುಷ್ಟಿ ತುಂಬ ತಿನ್ನಲಿ ಬಿಡು 😄

ಅಕ್ಕ: ಬೇಡ ಅತ್ತೆ. ಜಾಸ್ತಿ ಆದರೆ ಹೊಟ್ಟೆ ಉಬ್ಬರ, ಭೇದಿ. ಮೊದಲೇ ಟೈಫಾಯ್ಡ್ ಆದ ಕರುಳು. ಬಿ12 ಮಾತೂ ಪೊಳ್ಳು. ಅದರಲ್ಲಿರುವುದು ಹೆಚ್ಚಾಗಿ ಬಿ12ನ ಹಾಗೇ ಕಾಣುವ ಇನ್ನೊಂದು, ನಮ್ಮ ಮೈಗೆ ಹತ್ತುವುದಿಲ್ಲ. ಮತ್ತೆ ಇದು ನೀರಿನಲ್ಲಿ ಬೆಳೆಸುವ ಪಾಚಿ. ಬೇರೆ ಜಾತಿಯದು ಬೆರೆತರೆ ಲಿವರ್‌ಗೆ ಆಗದ ವಿಷವೂ ಸೇರಬಹುದು. ಈ ಡಬ್ಬಿ ಮೇಲೆ ಟೆಸ್ಟ್ ಮಾಡಿಸಿದ್ದೇವೆ ಅಂತ ಒಂದು ಸಾಲೂ ಇಲ್ಲ.

ಚಿಕ್ಕಪ್ಪ: ನಿಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ. ಅದಕ್ಕೇ ತಂದಿದ್ದು. ನನಗೇನು ಕಮಿಷನ್ ಬರುತ್ತಾ?

ನಾನು: ಅಯ್ಯೋ, ಸಿಟ್ಟಾಗಬೇಡಿ. ಪದಾರ್ಥ ಕೆಟ್ಟದ್ದು ಅಂತ ಯಾರೂ ಹೇಳಲಿಲ್ಲ. ಆಫ್ರಿಕಾದ ಚಾಡ್ ಸರೋವರದ ಕಡೆ ಇದನ್ನು ಒಣಗಿಸಿ, ಸಾರಿಗೆ ಹಾಕಿ, ಮುದ್ದೆಯ ಜೊತೆ ಉಣ್ಣುತ್ತಾರೆ. ಅದು ಊಟ. ಇದು ಆರು ಮಾತ್ರೆ. ಇದನ್ನು ನುಂಗಿ, ಆಯ್ತಲ್ಲ ಅಂತ ಅಪ್ಪ ತಟ್ಟೆ ಸರಿಸಿಬಿಟ್ಟರೆ?

ಅಮ್ಮ: ಬೆಳಿಗ್ಗೆ ಗಂಜಿಗೆ ಹೆಸರುಬೇಳೆ ಹಾಕಿದ್ದೆ. ಎರಡು ಬಟ್ಟಲು ಕುಡಿದರು. ಮಧ್ಯಾಹ್ನ ಮಾತ್ರ ಮೊಸರನ್ನ ಸೇರಲಿಲ್ಲ, ಯಾಕೋ ಗೊತ್ತಿಲ್ಲ.

ಅಪ್ಪ: ಮೂರು ನುಂಗಿ ಆಗಿದೆ. ಕೆರೆ ಏರಿ ಮೇಲೆ ಕೂತ ಹಾಗೆ ತೇಗು ಬರುತ್ತಿದೆ.

ಅಮ್ಮ: ಯಾವಾಗ ಕೊಟ್ಟಿರಿ??

ಚಿಕ್ಕಪ್ಪ: ನೀವು ಹಾಲು ತರೋಕೆ ಹೋಗಿದ್ರಲ್ಲ ಅತ್ತಿಗೆ, ಆಗ.