ಗಿರಿಜತ್ತೆಯ ಎಸಿಗೆ ಯಾವ ಗ್ಯಾಸ್?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಪದ ಬರೆಯುವಂತಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವಂತಿಲ್ಲ. ಮಂಡ್ಯದಲ್ಲಿ ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದ ದೊಡ್ಡಪ್ಪ ಗುಂಪು ಕಟ್ಟಿದ ದಿನವೇ ವಿಧಿಸಿದ ನಿಯಮವಿದು. ತಪ್ಪಿದವರ ಸಂದೇಶವನ್ನು ಅವರೇ ತಿದ್ದಿ ಮತ್ತೆ ಹಾಕುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳಗಳೂ ಪೂರ್ಣವಿರಾಮ ಸಮೇತ ನಡೆಯುತ್ತವೆ. ಕಳೆದ ಏಪ್ರಿಲ್‌ನಲ್ಲಿ ನಡೆದ ಒಂದನ್ನು, ನಡುನಡುವಿನ ಶುಭೋದಯಗಳನ್ನೂ ಮದುವೆಯ ಲೆಕ್ಕಗಳನ್ನೂ ತೆಗೆದುಹಾಕಿ, ಇಲ್ಲಿ ಕೊಡುತ್ತಿದ್ದೇನೆ. ಪ್ರಕಾಶ ನನ್ನ ಚಿಕ್ಕಪ್ಪನ ಮಗ, ಮೈಸೂರಿನಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುತ್ತಾನೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ.

ಶುಕ್ರವಾರ

ದೊಡ್ಡಪ್ಪ, ಬೆಳಿಗ್ಗೆ 6:40
(ಫಾರ್ವರ್ಡ್ ಆದ ಸಂದೇಶ) ಹಳೆಯ ಎಸಿ ಇರುವವರ ಗಮನಕ್ಕೆ. ಎಸಿಯೊಳಗೆ ತಂಪು ಮಾಡುವ ಆರ್-22 ಅನಿಲವನ್ನು ಸರ್ಕಾರ ನಿಷೇಧಿಸಿದೆ. ಹೆದರಬೇಡಿ, ಹೊಸ ಎಸಿ ಕೊಳ್ಳಬೇಕಾಗಿಲ್ಲ. ಅದೇ ಯಂತ್ರಕ್ಕೆ ಆರ್-290 ಹಾಕಿಸಿ. ಯಾವ ಭಾಗವನ್ನೂ ಬದಲಿಸಬೇಕಿಲ್ಲ, ಕರೆಂಟ್ ಬಿಲ್ ಇಳಿಯುತ್ತದೆ, ಓಜೋನ್ ಪದರವೂ ಉಳಿಯುತ್ತದೆ. ಪ್ರತಿ ಬೇಸಿಗೆಗೆ ಮುನ್ನ ಗ್ಯಾಸ್ ತುಂಬಿಸಲು ಮರೆಯಬೇಡಿ. ಹತ್ತು ಜನರಿಗೆ ಕಳುಹಿಸಿ.

ಗಿರಿಜತ್ತೆ, ಬೆಳಿಗ್ಗೆ 7:25
ಅಣ್ಣಯ್ಯ, ಒಳ್ಳೆಯ ಸಮಯಕ್ಕೆ ಕಳುಹಿಸಿದಿರಿ. ಕುವೆಂಪುನಗರದ ಮನೆಯ ಮಹಡಿಯ ಕೋಣೆಯಲ್ಲಿರುವುದು 2013ರಲ್ಲಿ ಕೊಂಡ ಎಸಿ. ಮೂರು ಬೇಸಿಗೆಯಿಂದ ಪ್ರತಿ ಏಪ್ರಿಲ್‌ನಲ್ಲಿ ಗ್ಯಾಸ್ ತುಂಬಿಸುತ್ತಿದ್ದೇನೆ, ಹೋದ ವರ್ಷ 2,800 ರೂಪಾಯಿ ಕೊಟ್ಟೆ. ಈಗ ಮತ್ತೆ ಬರೀ ಗಾಳಿ ಬರುತ್ತಿದೆ, ತಂಪಿಲ್ಲ. ಈ ಹೊಸ ಗ್ಯಾಸನ್ನೇ ಹಾಕಿಸಿಬಿಡಲೇ?

ಪ್ರಕಾಶ, ಬೆಳಿಗ್ಗೆ 8:15
ಅತ್ತೆ, ದಯವಿಟ್ಟು ಯಾರಿಂದಲೂ ಏನನ್ನೂ ತುಂಬಿಸಬೇಡಿ. ದೊಡ್ಡಪ್ಪ, ತಪ್ಪು ತಿಳಿಯಬೇಡಿ, ಈ ಸಂದೇಶ ಬರೆದವನು ಒತ್ತಡ ಅಳೆಯುವ ಗೇಜ್ ಹಿಡಿದವನಲ್ಲ. ಆರ್-22 ಹಂತ ಹಂತವಾಗಿ ಹಿಂದೆ ಸರಿಯುತ್ತಿರುವುದು ನಿಜ. ಹೊಸ ಯಂತ್ರಗಳ ತಯಾರಿಕೆಯಲ್ಲಿ ಅದರ ಬಳಕೆ 2025ರ ಆರಂಭಕ್ಕೆ ನಿಂತಿದೆ, 2030ಕ್ಕೆ ಉಳಿದ ಬಳಕೆಯೂ ಬಹುಪಾಲು ನಿಲ್ಲಬೇಕು. ಆದರೆ ಹಳೆಯ ಯಂತ್ರಗಳ ರಿಪೇರಿಗೆಂದು 2040ರವರೆಗೂ ಅಲ್ಪ ಪ್ರಮಾಣಕ್ಕೆ ಅವಕಾಶವಿದೆ. ಅತ್ತೆಯ ಯಂತ್ರಕ್ಕೆ ಬೇಕಾದ ಒಂದು ಕಿಲೋ ಆರ್-22 ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೇ ಬೇರೆ. ಮೂರು ವರ್ಷ ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಯಿತು?

ದೊಡ್ಡಪ್ಪ, ಬೆಳಿಗ್ಗೆ 8:40
ಬಳಸಿದರೆ ಖರ್ಚಾಗುವುದು ಲೋಕರೂಢಿಯಲ್ಲವೇ, ಪ್ರಕಾಶ? ನನ್ನ ಸ್ಕೂಟರಿನ ಎಂಜಿನ್ ಎಣ್ಣೆಯೂ ಕಡಿಮೆಯಾಗುತ್ತದೆ.

ಪ್ರಕಾಶ, ಬೆಳಿಗ್ಗೆ 8:52
ಎಸಿಯೊಳಗಿನ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ, ದೊಡ್ಡಪ್ಪ. ಅದು ಕೋಣೆಯೊಳಗಿನ ಕಾಯಿಲ್‌ನಲ್ಲಿ ಕುದಿದು ಶಾಖವನ್ನು ಹೀರಿಕೊಂಡು, ಹೊರಗಿನ ಕಾಯಿಲ್‌ನಲ್ಲಿ ದ್ರವವಾಗಿ ಆ ಶಾಖವನ್ನು ಬಿಟ್ಟು, ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅತ್ತೆ, ನಿಮ್ಮ ಅಡುಗೆಮನೆಯ ಫ್ರಿಜ್‌ಗೆ ಇದುವರೆಗೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದೀರಿ?

ಗಿರಿಜತ್ತೆ, ಬೆಳಿಗ್ಗೆ 9:05
ಹದಿನೇಳು ವರ್ಷವಾಯಿತು, ಒಂದು ಸಲವೂ ಇಲ್ಲ. ಅರ್ಥವಾಯಿತು ಬಿಡು. ನಾನು 2,800 ರೂಪಾಯಿ ಕೊಟ್ಟು ತೂತಿನ ಕೊಡಕ್ಕೆ ನೀರು ಹೊಯ್ದಿದ್ದೇನೆ.

(ಅತ್ತೆಯ ಈ ಮಾತಿಗೆ ಒಂಬತ್ತು ಜನ ಹೆಬ್ಬೆರಳು ಎತ್ತಿದರು. ದೊಡ್ಡಪ್ಪ ಮಾತ್ರ ಎತ್ತಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಏನೇನೋ ಓದಿಕೊಂಡು ಬಂದರು.)

ದೊಡ್ಡಪ್ಪ, ಮಧ್ಯಾಹ್ನ 2:30
ಸೋರಿಕೆಯ ವಿಚಾರವನ್ನು ಒಪ್ಪಿದ್ದೇನೆ. ಆದರೆ ಸೋರಿಕೆ ಮುಚ್ಚಿದ ಮೇಲೂ ಏನಾದರೊಂದನ್ನು ತುಂಬಿಸಲೇಬೇಕಲ್ಲ. ಆರ್-22ರಲ್ಲಿ ಕ್ಲೋರಿನ್ ಇದೆ, ಅದು ಓಜೋನ್‌ಗೆ ಹಾನಿ ಮಾಡುತ್ತದೆ. ಅಲ್ಲದೆ ಒಂದು ಕಿಲೋ ಸೋರಿದರೆ ಭೂಮಿಯನ್ನು ಬಿಸಿಮಾಡುವ ಲೆಕ್ಕದಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-290 ಎಂದರೆ ಶುದ್ಧ ಪ್ರೊಪೇನ್. ಅದರ ಲೆಕ್ಕ 3. ಸಾವಿರದ ಎಂಟುನೂರೆಲ್ಲಿ, ಮೂರೆಲ್ಲಿ? ಅದು ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಆರ್-22 ಮೈನಸ್ 41ರಲ್ಲಿ. ಒತ್ತಡಗಳೂ ಹತ್ತಿರ ಹತ್ತಿರ, ಹಳೆಯ ಕಂಪ್ರೆಸರಿನ ಎಣ್ಣೆಯೊಂದಿಗೂ ಅದು ಹೊಂದುತ್ತದೆ. ನಮ್ಮ ದೇಶದಲ್ಲೇ ಗೋದ್ರೆಜ್ ಕಂಪನಿ 2012ರಿಂದ ಆರ್-290 ಎಸಿಗಳನ್ನು ಮಾರಿದೆ. ಇಷ್ಟಿದ್ದೂ ಬೇಡವೆನ್ನುವುದಕ್ಕೆ ಕಾರಣ ಹೇಳು.

ಶ್ರೀಧರ ಭಾವ, ಮಧ್ಯಾಹ್ನ 3:10
ಮಾವನವರು ಹೇಳುವುದರಲ್ಲಿ ಹುರುಳಿದೆ. ಆದರೆ ಇಬ್ಬರ ಜಗಳಕ್ಕೂ ನಡುವಿನ ದಾರಿಯೊಂದಿದೆಯಲ್ಲ. ನಮ್ಮ ಬೆಂಗಳೂರಿನ ಕಚೇರಿಯಲ್ಲಿ ಎಲ್ಲವೂ ಆರ್-410ಎ. ಅದು ಉರಿಯುವುದಿಲ್ಲ, ಓಜೋನ್‌ಗೆ ಹಾನಿಯೂ ಇಲ್ಲ. ಅದನ್ನೇ ಹಾಕಿಸಬಹುದು.

ಪ್ರಕಾಶ, ಮಧ್ಯಾಹ್ನ 3:35
ಭಾವ, ಅದು ಎಲ್ಲಕ್ಕಿಂತ ಬೇಗ ಯಂತ್ರವನ್ನು ಕೊಲ್ಲುವ ದಾರಿ. ಮೂವತ್ತು ಡಿಗ್ರಿ ಬಿಸಿಲಿನಲ್ಲಿ ಸುಮ್ಮನೆ ನಿಂತ ಯಂತ್ರದೊಳಗೆ ಆರ್-22 ಇದ್ದರೆ ಗೇಜ್ ಸುಮಾರು 158 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಆರ್-410ಎ ಇದ್ದರೆ ಸುಮಾರು 258. ಓಡುವಾಗ ಎರಡೂ ಇನ್ನಷ್ಟು ಏರುತ್ತವೆ. ಅತ್ತೆಯ ಯಂತ್ರದ ಕಂಪ್ರೆಸರನ್ನೂ ಕಾಯಿಲನ್ನೂ ಆ ಒತ್ತಡಕ್ಕೆ ಮಾಡಿಲ್ಲ. ಎಣ್ಣೆಯೂ ಬೇರೆ. ಆರ್-22 ಯಂತ್ರದಲ್ಲಿರುವುದು ಖನಿಜ ಎಣ್ಣೆ. ಆರ್-410ಎ ಅದರೊಡನೆ ಬೆರೆಯದ ಕಾರಣ, ಕೊಳವೆಗಳಿಗೆ ಹೋದ ಎಣ್ಣೆ ಸರಿಯಾಗಿ ಹಿಂದಿರುಗದೆ ಕಂಪ್ರೆಸರ್ ಒಣಗಿ ಕಚ್ಚಿಕೊಂಡು ನಿಲ್ಲುತ್ತದೆ. ಆರ್-22ರ ಬದಲಿಗೆಂದೇ ಬಂದ ಆರ್-407ಸಿ ಕೂಡ ಇದೆ, ಅದಕ್ಕೂ ಎಣ್ಣೆ ಬದಲಿಸಬೇಕು. ಮೇಲಾಗಿ ಅದು ಮೂರು ಅನಿಲಗಳ ಮಿಶ್ರಣ, ಸೋರಿದಾಗ ಮೂರೂ ಒಂದೇ ಪ್ರಮಾಣದಲ್ಲಿ ಸೋರುವುದಿಲ್ಲ, ಒಳಗೆ ಉಳಿದದ್ದು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ.

ಅಶ್ವಿನಿ (ನಾನು), ಮಧ್ಯಾಹ್ನ 3:50
ಭಾವನವರ ಒಳ್ಳೆಯತನದ ಮಾತಿಗೂ ಒಂದು ತಿದ್ದುಪಡಿ ಬೇಕು. ಆರ್-410ಎ ಓಜೋನನ್ನು ಮುಟ್ಟುವುದಿಲ್ಲ ಎನ್ನುವುದು ಸರಿ, ಆದರೆ ಭೂಮಿಯನ್ನು ಬಿಸಿಮಾಡುವ ಲೆಕ್ಕದಲ್ಲಿ ಅದು 2,088, ಅಂದರೆ ಆರ್-22ಕ್ಕಿಂತಲೂ ಹೆಚ್ಚು. 1987ರ ಮಾಂಟ್ರಿಯಲ್ ಒಪ್ಪಂದ ಓಜೋನಿಗಾಗಿ ಆಯಿತು. 2016ರಲ್ಲಿ ಕಿಗಾಲಿಯಲ್ಲಿ ಅದಕ್ಕೆ ತಿದ್ದುಪಡಿ ತಂದದ್ದು ಇಂಥ ಅನಿಲಗಳನ್ನೂ ಇಳಿಸುವುದಕ್ಕಾಗಿ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದ್ದ ಮಾತ್ರಕ್ಕೆ ಎರಡೂ ಪರೀಕ್ಷೆಯಲ್ಲಿ ಪಾಸಾಗಿದೆ ಎಂದಲ್ಲ.

ದೊಡ್ಡಪ್ಪ, ಸಂಜೆ 4:20
ಅಳಿಯಂದಿರ ಪ್ರಸ್ತಾಪ ಬಿದ್ದುಹೋಯಿತು. ನನ್ನದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಪ್ರಕಾಶ, ಸಂಜೆ 4:45
ನಿಮ್ಮ ಗ್ಯಾಸ್ ತಂಪು ಮಾಡುವುದಿಲ್ಲ ಎಂದು ನಾನು ಹೇಳಲಾರೆ, ದೊಡ್ಡಪ್ಪ. ಚೆನ್ನಾಗಿಯೇ ತಂಪು ಮಾಡುತ್ತದೆ, ಅದೇ ಅದರ ಅಪಾಯ. ಹಾಕಿದ ಮೆಕ್ಯಾನಿಕ್ ಶಹಭಾಸ್ ಅನ್ನಿಸಿಕೊಂಡು ಹೋಗುತ್ತಾನೆ, ಯಂತ್ರದ ಮೈಮೇಲಿನ ಚೀಟಿಯಲ್ಲಿ ಆರ್-22 ಎಂದೇ ಉಳಿಯುತ್ತದೆ. ಎರಡು ವರ್ಷದ ನಂತರ ಬರುವ ಇನ್ನೊಬ್ಬ ಹುಡುಗ ಆ ಚೀಟಿ ಓದಿ, ಒಳಗಿರುವುದು ಪ್ರೊಪೇನ್ ಎಂದು ತಿಳಿಯದೆ, ಕೊಳವೆ ಬೆಸೆಯಲು ಬ್ರೇಜಿಂಗ್ ದೀಪ ಹಚ್ಚುತ್ತಾನೆ. ಕಾರ್ಖಾನೆಯಲ್ಲೇ ಆರ್-290ಕ್ಕೆಂದು ಮಾಡಿದ ಯಂತ್ರದಲ್ಲಿ ಗ್ಯಾಸಿನ ತೂಕವನ್ನು ಮಿತಿಯಲ್ಲಿ ಇಟ್ಟಿರುತ್ತಾರೆ, ಕಿಡಿ ಹಾರುವ ರಿಲೇ, ಸ್ವಿಚ್ಚುಗಳನ್ನು ಬೇರೆ ರೀತಿ ಜೋಡಿಸಿರುತ್ತಾರೆ. ಅತ್ತೆಯ ಯಂತ್ರದಲ್ಲಿ ಅದು ಯಾವುದೂ ಇಲ್ಲ.

ದೊಡ್ಡಪ್ಪ, ಸಂಜೆ 5:30
ಭಯವನ್ನು ಲೆಕ್ಕದಿಂದ ಅಳೆಯೋಣ. ಗಿರಿಜೆಯ ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಅಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಪ್ರೊಪೇನ್ ಹೊತ್ತಿಕೊಳ್ಳಬೇಕಾದರೆ ಒಂದು ಘನ ಮೀಟರ್ ಗಾಳಿಯಲ್ಲಿ ಕನಿಷ್ಠ 38 ಗ್ರಾಂ ಇರಬೇಕು. ಹಾಗಾದರೆ ಆ ಕೋಣೆಗೆ ಸುಮಾರು 1,290 ಗ್ರಾಂ ಬೇಕು. ಆರ್-22 ಒಂದು ಕಿಲೋ ಹಿಡಿಯುವ ಯಂತ್ರಕ್ಕೆ ಪ್ರೊಪೇನ್ 450 ಗ್ರಾಂ ಸಾಕು. ಇಡೀ ಗ್ಯಾಸ್ ಕೋಣೆಯೊಳಗೇ ಸೋರಿದರೂ ಬೇಕಾದದ್ದರ ಮೂರನೇ ಒಂದು ಭಾಗವನ್ನು ಅಷ್ಟಿಷ್ಟು ದಾಟುತ್ತದೆ, ಅಷ್ಟೆ. ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ.

(ಗುಂಪು ಒಂದು ಗಂಟೆ ಮೌನವಾಗಿತ್ತು. ನಾನು ಕಾಗದ, ಪೆನ್ನು ಹಿಡಿದು ಕುಳಿತೆ. ದೊಡ್ಡಪ್ಪನವರ ಲೆಕ್ಕದಲ್ಲಿ ತಪ್ಪು ಹುಡುಕುವ ಅವಕಾಶ ನಮ್ಮ ಮನೆಯಲ್ಲಿ ದಿನವೂ ಸಿಗುವುದಿಲ್ಲ.)

ಅಶ್ವಿನಿ, ಸಂಜೆ 6:35
ದೊಡ್ಡಪ್ಪ, ನಿಮ್ಮ ಗುಣಾಕಾರ ಸರಿಯಿದೆ. ಗ್ಯಾಸ್ ಕೋಣೆಯ ತುಂಬ ಸಮನಾಗಿ ಹರಡುತ್ತದೆ ಎಂದು ನೀವು ಹೇಳದೆಯೇ ಇಟ್ಟುಕೊಂಡ ಊಹೆ ಸರಿಯಿಲ್ಲ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಫ್ಯಾನ್ ತಿರುಗುತ್ತಿದ್ದರೆ ಬೆರೆಯುತ್ತದೆ, ನಿಂತಿದ್ದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಕೆಳಗಿನ ಮೂರು ಅಡಿಯಲ್ಲೇ ನಿಂತಿತು ಎಂದಿಟ್ಟುಕೊಳ್ಳಿ. ಅಲ್ಲಿರುವುದು ಸುಮಾರು 10.2 ಘನ ಮೀಟರ್ ಗಾಳಿ, 450 ಗ್ರಾಮನ್ನು ಅದಕ್ಕೆ ಹಂಚಿದರೆ ಒಂದು ಘನ ಮೀಟರಿಗೆ 44 ಗ್ರಾಂ ಸಿಗುತ್ತದೆ. ನಿಮ್ಮ 38ರ ಗೆರೆ ದಾಟಿತು. ಎಸಿ ಹಾಕುವ ಕೋಣೆಯಾದ್ದರಿಂದ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಅಡುಗೆ ಸಿಲಿಂಡರಿನ ಗ್ಯಾಸಿಗೆ ವಾಸನೆಯ ವಸ್ತು ಬೆರೆಸಿರುತ್ತಾರೆ, ಮೂಗು ಎಚ್ಚರಿಸುತ್ತದೆ; ಎಸಿಗೆ ಬಳಸುವ ಶುದ್ಧ ಪ್ರೊಪೇನಿಗೆ ವಾಸನೆಯೇ ಇಲ್ಲ. ಅತ್ತೆ ರಾತ್ರಿ ಮಂಚದ ಪಕ್ಕ ನೆಲದ ಮೇಲೆ ಕೂತು ಸೊಳ್ಳೆ ಬತ್ತಿಗೆ ಕಡ್ಡಿ ಗೀರುವುದನ್ನು ನಾನೇ ನೋಡಿದ್ದೇನೆ.

ದೊಡ್ಡಪ್ಪ, ರಾತ್ರಿ 7:10
ಊಹೆ ತಪ್ಪಿತ್ತು, ಒಪ್ಪಿದೆ. ಆದರೆ ಹಾಗೆಯೇ ಇನ್ನೊಂದು ಪ್ರಶ್ನೆ. ಹೋದ ವರ್ಷ ಪ್ರಕಾಶನೇ ನನಗೆ ಕೊಡಿಸಿದ ಎಸಿಯಲ್ಲಿ ಆರ್-32 ಇದೆ. ಅದೂ ಉರಿಯುವ ಅನಿಲವೆಂದು ಈಗ ಓದಿದೆ. ತಂಗಿಗೆ ಅಪಾಯವಾದದ್ದು ಅಣ್ಣನಿಗೆ ಹೇಗೆ ಕ್ಷೇಮವಾಯಿತು?

ಅಶ್ವಿನಿ, ರಾತ್ರಿ 7:25
ಆರ್-32 ಉರಿಯುವುದು ನಿಜ, ಆದರೆ ಒಲ್ಲದ ಮನಸ್ಸಿನಿಂದ ಉರಿಯುತ್ತದೆ. ಪ್ರೊಪೇನ್ ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಸಾಕು, ಆರ್-32 ಸುಮಾರು ಶೇಕಡಾ 14 ಬೆರೆಯಬೇಕು, ಹೊತ್ತಿಕೊಂಡರೂ ಅದರ ಜ್ವಾಲೆ ನಿಧಾನವಾಗಿ ಹರಡುತ್ತದೆ. ಅದಕ್ಕಾಗಿಯೇ ಸುರಕ್ಷತೆಯ ವರ್ಗೀಕರಣದಲ್ಲಿ ಅದು ಎ2ಎಲ್, ಅಂದರೆ ಕಷ್ಟದಿಂದ ಉರಿಯುವ ಗುಂಪು; ಪ್ರೊಪೇನ್ ಎ3, ಅಂದರೆ ಸುಲಭವಾಗಿ ಉರಿಯುವ ಗುಂಪು. ಬಿಸಿಯೇರಿಸುವ ಲೆಕ್ಕ 675. ನಿಮ್ಮ ಯಂತ್ರ ಹುಟ್ಟಿದ್ದೇ ಆರ್-32ಕ್ಕಾಗಿ. ಅದನ್ನೇ ತಂದು ಅತ್ತೆಯ ಯಂತ್ರಕ್ಕೆ ಹಾಕುವೆನೆಂದರೆ ಆಗಲೂ ಬೇಡವೆನ್ನುತ್ತೇನೆ, ಅದರ ಒತ್ತಡ ಆರ್-410ಎಗಿಂತ ಒಂದು ಕೂದಲು ಹೆಚ್ಚೇ.

ಪ್ರಕಾಶ, ರಾತ್ರಿ 7:40
ರಿಪೇರಿಯ ದಿನ ಯಾವ ಗ್ಯಾಸ್ ಎಂಬ ಆಯ್ಕೆ ಮೆಕ್ಯಾನಿಕ್‌ನದೂ ಅಲ್ಲ, ಮನೆಯವರದೂ ಅಲ್ಲ, ದೊಡ್ಡಪ್ಪ. ಯಂತ್ರ ಕೊಳ್ಳುವ ದಿನ ಆಯ್ಕೆ ಮಾಡುತ್ತೀರಿ. ಆಮೇಲೆ ಅದರ ಮೈಮೇಲಿನ ಚೀಟಿ ಹೇಳಿದ ಗ್ಯಾಸನ್ನು, ಚೀಟಿ ಹೇಳಿದಷ್ಟೇ ತೂಕದಲ್ಲಿ ಹಾಕಬೇಕು. ಅತ್ತೆ, ಭಾನುವಾರ ಬೆಳಿಗ್ಗೆ ಬರುತ್ತೇನೆ. ನಾನು ಬರುವ ತನಕ ಎಸಿ ಹಾಕಬೇಡಿ. ಗ್ಯಾಸ್ ಕಡಿಮೆಯಿದ್ದಾಗ ಓಡಿಸಿದರೆ ಕಂಪ್ರೆಸರ್ ಬಿಸಿಯಾಗುತ್ತದೆ.

ಭಾನುವಾರ

ಪ್ರಕಾಶ, ಮಧ್ಯಾಹ್ನ 3:20
ಕೆಲಸ ಮುಗಿಯಿತು, ವರದಿ ಒಪ್ಪಿಸುತ್ತೇನೆ. ಔಟ್‌ಡೋರ್ ಯೂನಿಟ್ಟಿನಲ್ಲಿ ದಪ್ಪ ಕೊಳವೆ ಸೇರುವಲ್ಲಿ, ಅದರ ಅಗಲಿಸಿದ ತುದಿಯನ್ನು (ಫ್ಲೇರ್) ಬಿಗಿಹಿಡಿಯುವ ಹಿತ್ತಾಳೆಯ ಫ್ಲೇರ್ ನಟ್ಟಿನ ಸುತ್ತ ಎಣ್ಣೆಗೆ ಧೂಳು ಮೆತ್ತಿಕೊಂಡು ಕಪ್ಪಗಾಗಿತ್ತು. ಒಳಗಿನ ಎಣ್ಣೆ ಗ್ಯಾಸಿನ ಜೊತೆಗೇ ಹೊರಬರುವುದರಿಂದ ಎಣ್ಣೆ ಕಂಡಲ್ಲಿ ಸೋರಿಕೆಯ ಅನುಮಾನ ಮೊದಲು ಬರುತ್ತದೆ. ಸೋಪಿನ ನೊರೆ ಹಚ್ಚಿ ಕಾದೆ. ಅರ್ಧ ನಿಮಿಷದ ಮೇಲೆ ನಟ್ಟಿನ ಕೆಳಗಡೆ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದು, ಕಡಲೆಯಷ್ಟಾಗಿ, ಒಡೆದು, ಅಲ್ಲೇ ಮತ್ತೆ ಎದ್ದಿತು. ಹಿಂದೆ ಯಾರೋ ಸ್ಪ್ಯಾನರಿನಿಂದ ಅತಿಯಾಗಿ ಬಿಗಿದು ತಾಮ್ರದ ಅಂಚು ಸೀಳಿತ್ತು. ಮೂರು ವರ್ಷವೂ ಬಂದವರು ಆ ಗುಳ್ಳೆಯಿಂದ ಒಂದು ಗೇಣು ದೂರದಲ್ಲೇ ಮೆದುಗೊಳವೆ ಜೋಡಿಸಿ ಗ್ಯಾಸ್ ತುಂಬಿಸಿದ್ದಾರೆ.

ಒಳಗೆ ಉಳಿದಿದ್ದ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದುಕೊಂಡು ತೂಗಿದೆ, 610 ಗ್ರಾಂ ಇತ್ತು. ಸೀಳಿದ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ, ನೈಟ್ರೋಜನ್ ತುಂಬಿ 250 ಪಿಎಸ್‌ಐನಲ್ಲಿ ಒಂದು ಗಂಟೆ ಬಿಟ್ಟೆ, ಮುಳ್ಳು ಕದಲಲಿಲ್ಲ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ, ಒಳಗಿನ ಗಾಳಿ, ತೇವವನ್ನು ಎಳೆದು, ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿದೆ. ಈ ಹಂತವನ್ನು ಬಿಟ್ಟು, ಗ್ಯಾಸಿನಿಂದಲೇ ಗಾಳಿಯನ್ನು ಹೊರಗೆ ತಳ್ಳುವವರಿದ್ದಾರೆ. ಅವರು ಬಿಟ್ಟುಹೋಗುವ ತೇವ ಎಣ್ಣೆಯನ್ನು ಕೆಡಿಸುತ್ತದೆ. ಕೊನೆಗೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಚೀಟಿಯಲ್ಲಿದ್ದ ಹಾಗೆ 1,050 ಗ್ರಾಂ ಆರ್-22 ತುಂಬಿಸಿದೆ.

ದೊಡ್ಡಪ್ಪ, ಸಂಜೆ 4:05
ಕೆಲಸ ಅಚ್ಚುಕಟ್ಟಾಗಿದೆ. ಒಂದು ಅನುಮಾನ. ಹಳೆಯ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಈ ಪದ್ಧತಿಯನ್ನು ನಾನು ಮಂಡ್ಯದಲ್ಲಿ ಎಲ್ಲಿಯೂ ಕಂಡಿಲ್ಲ. ಎಲ್ಲರೂ ಪುಸ್ಸನೆ ಗಾಳಿಗೆ ಬಿಡುತ್ತಾರೆ.

ಪ್ರಕಾಶ, ಸಂಜೆ 4:30
ನಾನೂ ಐದು ವರ್ಷ ಹಾಗೆಯೇ ಬಿಟ್ಟಿದ್ದೇನೆ, ದೊಡ್ಡಪ್ಪ. ಎಳೆದುಕೊಳ್ಳುವ ಯಂತ್ರ ದುಬಾರಿ, ಹೊತ್ತು ಹೋಗುತ್ತದೆ, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಈ ಮಾತಿನಲ್ಲಿ ನಿಮ್ಮ ಸಂದೇಶಕ್ಕಿಂತ ನಮ್ಮ ಕಸುಬಿನವರ ತಪ್ಪೇ ದೊಡ್ಡದು. ಎರಡು ವರ್ಷದಿಂದ ಬಿಡುತ್ತಿಲ್ಲ.

ದೊಡ್ಡಪ್ಪ, ಸಂಜೆ 4:50
ಶುಕ್ರವಾರದ ಸಂದೇಶವನ್ನು ತಿದ್ದಿ, ನನಗೆ ಕಳುಹಿಸಿದವರಿಗೇ ಹಿಂದಿರುಗಿಸಿದ್ದೇನೆ. ಆದರೂ ಗಿರಿಜೆಯ ಮುಂದಿನ ಎಸಿ ಆರ್-290ದ್ದೇ ಆಗಬೇಕು ಎನ್ನುವುದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲೇ ಅದಕ್ಕೆಂದು ಮಾಡಿದ್ದಕ್ಕೆ ನಿನ್ನ ತಕರಾರಿಲ್ಲವಷ್ಟೆ?

ಪ್ರಕಾಶ, ಸಂಜೆ 5:00
ಯಂತ್ರಕ್ಕೆ ತಕರಾರಿಲ್ಲ. ಆದರೆ ಅದನ್ನು ಬಿಚ್ಚಲು ಕಲಿತವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ನಾನು ಊರಿನಲ್ಲಿಲ್ಲದ ದಿನ ಅತ್ತೆ ಯಾರನ್ನು ಕರೆಯಬೇಕು? ನನ್ನ ಮತ ಆರ್-32ಕ್ಕೆ.

ದೊಡ್ಡಪ್ಪ, ಸಂಜೆ 5:10
ಕೊಳ್ಳುವವರು ಇಲ್ಲದಿದ್ದರೆ ಕಲಿಯುವವರು ಎಲ್ಲಿಂದ ಬರುತ್ತಾರೆ? ಇರಲಿ, ಈ ಕಂಪ್ರೆಸರ್ ಕೆಟ್ಟ ದಿನ ಚರ್ಚೆಯನ್ನು ಮುಂದುವರಿಸೋಣ.

ಗಿರಿಜತ್ತೆ, ಸಂಜೆ 5:12
ಮೊದಲು ಬಿಡ್ತು ಅನ್ನಿ, ಅಣ್ಣಯ್ಯ.